ಹೂವು ಯಾವ ಕಡೆ ಬಿತ್ತು?

ಜೂನ್ 13, 2024, ಗುರುವಾರ

ನಿವೃತ್ತರಾದವರಿಗೆ ಗೋಡೆ ಗಡಿಯಾರ ಕೊಡುವ ಬುದ್ಧಿ ಮೊದಲು ಯಾರಿಗೆ ಬಂತೋ ಕಾಣೆ. ಹೋದ ತಿಂಗಳ ಬೀಳ್ಕೊಡುಗೆಯಲ್ಲಿ ನನಗೆ ಮೂರು ಬಂದವು, ಜೊತೆಗೆ ಈ ಡೈರಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆ. ನಲವತ್ತು ನಿಮಿಷಕ್ಕೊಂದು ಬೆಲ್ ಹೊಡೆಯುತ್ತಿತ್ತು, ಒಂದು ಕೆಲಸ ಮುಗಿಯುತ್ತಿತ್ತು. ಈಗ ಮನೆಯಲ್ಲಿ ಬೆಲ್ ಇಲ್ಲ, ಅತ್ತೆ ಇದ್ದಾರೆ.

ಇವತ್ತು ಅವರನ್ನು ಜಯನಗರದ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಪದ್ಮಶ್ರೀ ಒಳ್ಳೆಯ ಹುಡುಗಿ, ಮಾತು ನೇರ. "ಎರಡೂ ಕಣ್ಣಲ್ಲಿ ಪೊರೆ ಇದೆ ಮೇಡಂ. ಒಂದರದ್ದು ತುಂಬಾ ಬಲಿತಿದೆ. ನಾಲ್ಕು ತಿಂಗಳೊಳಗೆ ಆಪರೇಷನ್ ಆಗ್ಲೇಬೇಕು. ತಡ ಮಾಡಿದ್ರೆ ಒಳಗೆ ಪ್ರೆಶರ್ ಏರತ್ತೆ, ಆಮೇಲೆ ಹೋದ ದೃಷ್ಟೀನ ನಾನು ವಾಪಸ್ ತರೋಕಾಗಲ್ಲ."

ನಾನು "ಸೋಮವಾರವೇ ಮಾಡ್ಬಿಡಿ" ಎಂದೆ. ಅತ್ತೆ "ಅಮ್ಮನ್ನ ಕೇಳ್ಬೇಕು" ಎಂದರು.

ಎಂಬತ್ತು ವರ್ಷದ ಮಂಗಮ್ಮನಿಗೆ ಇನ್ನೂ ಅಮ್ಮ ಇದ್ದಾರೆಯೇ ಎಂದು ಡಾಕ್ಟರ್ ನನ್ನ ಮುಖ ನೋಡಿದರು. ಅಮ್ಮ ಎಂದರೆ ಅರೆಕೆರೆಯ ನಮ್ಮ ಹಳೇ ಊರಿನ ಗಲ್ಲಿಯಲ್ಲಿರುವ ಗ್ರಾಮದೇವತೆ ಸಪ್ಪಲಮ್ಮ. ಬೋರ್‌ವೆಲ್ ಕೊರೆಸುವುದಿರಲಿ, ಮನೆಗೆ ಮಹಡಿ ಕಟ್ಟುವುದಿರಲಿ, ಈ ಮನೆಯಲ್ಲಿ ಎಲ್ಲಕ್ಕೂ ಆಕೆಯ ಹೂವು ಬೇಕು. ಪೂಜಾರಿ ಮಾರಯ್ಯ ಎರಡು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯದು ಬಿದ್ದರೆ ಈಗ ಬೇಡ ಎಂದು. ಎರಡೂ ಬೀಳದಿದ್ದರೆ ಮುಂದಿನ ಮಂಗಳವಾರ ಮತ್ತೆ ಹೋಗಬೇಕು.

ವಾಪಸ್ ಬರುವಾಗ ಬನ್ನೇರುಘಟ್ಟ ರಸ್ತೆಯ ಮೆಟ್ರೋ ಕಂಬಗಳ ನಡುವೆ ಆಟೋ ಅರ್ಧ ಗಂಟೆ ನಿಂತಿತ್ತು. ನಾನು ಸಿಟ್ಟಿಗೆ ವಾಚು ನೋಡುತ್ತಲೇ ಇದ್ದೆ. ಅತ್ತೆ ಆರಾಮವಾಗಿ ಎಲೆ ಅಡಿಕೆ ಹಾಕಿಕೊಂಡರು.

ಜೂನ್ 18, ಮಂಗಳವಾರ

ಎಡಗಡೆ ಬಿತ್ತು.

ಅತ್ತೆಗೆ ಹೂವು ಕಾಣಿಸುವುದಿಲ್ಲ. ಅಮ್ಮನೇ ಒಂದು ಅರಿಶಿನದ ಮಬ್ಬಾಗಿ ಕಾಣುತ್ತಾಳಂತೆ. ಹಾಗಾಗಿ ನನ್ನ ಮಣಿಕಟ್ಟು ಹಿಡಿದುಕೊಂಡು ಕೂತಿರುತ್ತಾರೆ. ವಾಚಿನ ಪಟ್ಟಿ ಚರ್ಮಕ್ಕೆ ಒತ್ತುತ್ತದೆ. "ಯಾವ ಕಡೆ ಬಿತ್ತು?" ಎಂದು ಕೇಳಿದರು. ಹೇಳಿದೆ. "ಸರಿ, ಮುಂದಿನ್ ವಾರ ಬರಾನ" ಎಂದು ಎದ್ದರು.

ಮನೆಗೆ ಬಂದು ಯಜಮಾನರಿಗೆ ಹೇಳಿದರೆ, "ಅಮ್ಮನ ವಿಷ್ಯದಲ್ಲಿ ನಾನು ತಲೆ ಹಾಕಲ್ಲ ಇಂದ್ರಾಣಿ, ನೀನುಂಟು ಅವರುಂಟು" ಎಂದು ಬಾಡಿಗೆಯವರ ನಲ್ಲಿ ನೋಡುವ ನೆಪದಲ್ಲಿ ಮೂರನೇ ಮಹಡಿ ಹತ್ತಿದರು. ಚಲುವರಾಜು ಎಂಬ ಈ ಮನುಷ್ಯ ಕಷ್ಟ ಬಂದಾಗಲೆಲ್ಲ ಮಹಡಿ ಹತ್ತುತ್ತಾರೆ. ಮದುವೆಯಾದಾಗ ನೆಲ ಅಂತಸ್ತು ಮಾತ್ರ ಇತ್ತು, ಆಗ ಹಿತ್ತಲಿಗೆ ಹೋಗುತ್ತಿದ್ದರು.

ಜೂನ್ 25, ಮಂಗಳವಾರ

ಎಡ.

ಜುಲೈ 2, ಮಂಗಳವಾರ

ಎರಡೂ ಬೀಳಲಿಲ್ಲ. ಒಂದೂವರೆ ಗಂಟೆ ಕೂತಿದ್ದೆವು. ನಾನು ಹತ್ತೊಂಬತ್ತು ಸಲ ವಾಚು ನೋಡಿದೆ. ದೇವಸ್ಥಾನದ ಪಕ್ಕದ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯೋಣ ಎಂದರು ಅತ್ತೆ. ಮನೆಯಲ್ಲಿ ಹಾಲಿದೆ ಎಂದೆ. ಹಾಗೆ ಹೇಳಬಾರದಿತ್ತೇನೋ. ಆದರೆ ಹೇಳಿಯಾಯಿತು.

ಜುಲೈ 9, ಮಂಗಳವಾರ

ಕಳ್ಳ ಸಿಕ್ಕಿಬಿದ್ದ. ಅಮ್ಮನ ಎಡಗಡೆ ಗೋಡೆಗೆ ಒಂದು ಫ್ಯಾನು ಹಾಕಿದ್ದಾರೆ. ಅದರ ಕೆಳಗೆ ಹಳದಿ ಬಣ್ಣದಲ್ಲಿ "ದಿವಂಗತ ಬೈರಣ್ಣನವರ ಜ್ಞಾಪಕಾರ್ಥ" ಎಂದು ಬರೆದಿದೆ. ಗಾಳಿ ನೇರವಾಗಿ ಎಡಭುಜಕ್ಕೆ ಬಡಿಯುತ್ತದೆ. ಆ ಕಡೆ ನೀರು ಬೇಗ ಆರುತ್ತದೆ, ಹೂವು ಬೇಗ ಕಳಚುತ್ತದೆ. ನನ್ನ ಎಂಟನೇ ತರಗತಿಯ ಮಕ್ಕಳೂ ಹೇಳಿಯಾರು.

ದಾರಿಯಲ್ಲಿ ಅತ್ತೆಗೆ ಎಲ್ಲ ವಿವರಿಸಿದೆ. "ಅದು ಅಮ್ಮನ ಅಪ್ಪಣೆ ಅಲ್ಲ ಅತ್ತೆ, ಬೈರಣ್ಣನ ಫ್ಯಾನು."

ಅತ್ತೆ ನಾಲ್ಕು ಹೆಜ್ಜೆ ನಡೆದು ನಿಂತರು. "ಫ್ಯಾನು ಬೈರಣ್ಣಂದು, ಸರಿ. ಗಾಳಿ ಯಾರ್ದು?"

ಮೂವತ್ತೊಂದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ.

ಜುಲೈ 16, ಮಂಗಳವಾರ

ಚಳಿ ಎಂದು ನೆಪ ಹೇಳಿ ಮಾರಯ್ಯನಿಂದ ಫ್ಯಾನು ಆರಿಸಿದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಥಂಡಿ. ಎರಡು ಗಂಟೆ ಕಳೆದರೂ ಎರಡೂ ಹೂವು ಅಲ್ಲಾಡಲಿಲ್ಲ. ಅಮ್ಮ ನನ್ನನ್ನೇ ನೋಡುತ್ತಿರುವ ಹಾಗಿತ್ತು.

ಜುಲೈ 23, ಮಂಗಳವಾರ

ಎಡ. ಆರು ವಾರ ಹೀಗೇ ಹೋಯಿತು. ಅತ್ತೆಯನ್ನು ಮೆಟ್ಟಿಲ ಮೇಲೆ ಕೂರಿಸಿ ಮಾರಯ್ಯನನ್ನು ಪಕ್ಕಕ್ಕೆ ಕರೆದೆ. "ಮುಂದಿನ ವಾರ ಬಲಗಡೆ ಹೂವನ್ನ ಸ್ವಲ್ಪ ಸಡಿಲ ಇಡಪ್ಪಾ. ಕಣ್ಣಿನ ವಿಷ್ಯ."

ಮಾರಯ್ಯ ಕೋಪ ಮಾಡಿಕೊಳ್ಳಲಿಲ್ಲ. ತಟ್ಟೆ ಒರೆಸುತ್ತಾ ಹೇಳಿದ: "ಮೇಡಂ, ಆಯಮ್ಮಂಗೆ ಹೂವು ಕಾಣ್ಸಕಿಲ್ಲ. ನೀವು ಬಲ ಅಂದ್ರೆ ಬಲ, ಎಡ ಅಂದ್ರೆ ಎಡ. ಸುಳ್ಳು ಹೇಳಾದು ನಿಮ್ ಕೈಲೇ ಐತೆ. ಅದುಕ್ಕೆ ನನ್ ಕೈ ಯಾಕೆ ಬೇಕು?"

ನಿಜ ಹೇಳುತ್ತೇನೆ, ಇದು ನನಗೆ ಹೊಳೆದೇ ಇರಲಿಲ್ಲ. ಬುದ್ಧಿವಂತೆ ಎಂದು ಇಷ್ಟು ವರ್ಷ ಸಂಬಳ ತೆಗೆದುಕೊಂಡಿದ್ದೇನೆ.

ಜುಲೈ 30, ಮಂಗಳವಾರ

ಸುಳ್ಳು ಹೇಳುವುದೆಂದು ತೀರ್ಮಾನ ಮಾಡಿಕೊಂಡೇ ಹೋಗಿದ್ದೆ. ಒಂದು ಸುಳ್ಳಿಗೆ ಒಂದು ಕಣ್ಣು ಉಳಿಯುವುದಾದರೆ ಯಾವ ದೇವರು ಬೇಡ ಎನ್ನುತ್ತಾನೆ? ಕನ್ನಡಿಯ ಮುಂದೆ ಎರಡು ಸಲ ಹೇಳಿಕೊಂಡೂ ನೋಡಿದ್ದೆ. ಹೂವು ಎಡಗಡೆ ಬಿತ್ತು. ಅತ್ತೆ ಮಣಿಕಟ್ಟು ಹಿಡಿದು, ಕಾಣದ ಕಣ್ಣನ್ನು ನನ್ನ ಕಡೆಗೆ ತಿರುಗಿಸಿ, "ಯಾವ ಕಡೆ ಬಿತ್ತು?" ಎಂದರು.

"ಎಡಗಡೆ" ಎಂದೆ.

ನನ್ನ ನಾಲಿಗೆಗೆ ಬೆಂಕಿ ಹಾಕ.

ಆಗಸ್ಟ್ 4, ಭಾನುವಾರ

ಬೆಳಿಗ್ಗೆ ಅತ್ತೆ ತಾವೇ ಬಿಸಿನೀರು ಬಗ್ಗಿಸಿಕೊಳ್ಳಲು ಹೋಗಿ ಲೋಟದ ಬದಲು ಕೈಮೇಲೆ ಸುರಿದುಕೊಂಡರು. ಅಂಗೈ ಹಿಂಭಾಗವೆಲ್ಲ ಬೊಬ್ಬೆ. ನನ್ನನ್ನು ಕರೆಯಲೂ ಇಲ್ಲ. ತಣ್ಣೀರಲ್ಲಿ ಕೈ ಅದ್ದಿಕೊಂಡು ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರು.

ನಾನು ಕೂಗಾಡಿಬಿಟ್ಟೆ. ನಿಮಗೆ ಕಣ್ಣು ಬೇಡವಾ, ಹೂವು ಬೇಕಾ, ಇನ್ನೆಷ್ಟು ವಾರ ನನ್ನನ್ನು ಓಡಾಡಿಸುತ್ತೀರಿ ಎಂದೆಲ್ಲ ಬಾಯಿಗೆ ಬಂದದ್ದು ಅಂದೆ. ಯಜಮಾನರು ಮಹಡಿ ಹತ್ತಿದರು.

ಅತ್ತೆ ಹೇಳಿದ್ದು ಇಷ್ಟೇ: "ಕೂಗ್ಬ್ಯಾಡ ಕಣಮ್ಮಿ, ನಿಂಗೆ ಬೀಪಿ ಐತೆ."

ಮಧ್ಯಾಹ್ನ ಅವರಿಗೆ ಅನ್ನ ಕಲಸಿ ತಿನ್ನಿಸಿದೆ. ಮೂವತ್ತಮೂರು ವರ್ಷದಲ್ಲಿ ನಾವಿಬ್ಬರೂ ಇಷ್ಟು ಹತ್ತಿರ ಕೂತದ್ದು ಇದೇ ಮೊದಲು. ನಾನು ಏಳೂವರೆಗೆ ಮನೆ ಬಿಟ್ಟರೆ ಐದಕ್ಕೆ ಬರುತ್ತಿದ್ದೆ. ಬಂದಾಗ ಅಡುಗೆಯಾಗಿರುತ್ತಿತ್ತು. ಯಾರು ಮಾಡಿದರು ಎಂದು ಯಾವತ್ತೂ ಯೋಚಿಸಿದವಳಲ್ಲ.

ಆಗಸ್ಟ್ 6, ಮಂಗಳವಾರ

ಇವತ್ತು ಹೋಗುವುದು ಬೇಡ ಎಂದುಕೊಂಡಿದ್ದೆ. ಹತ್ತು ಗಂಟೆಗೆ ನೋಡಿದರೆ ಕೈಗೆ ಬಟ್ಟೆ ಸುತ್ತಿಕೊಂಡು, ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದಾರೆ. ಏನು ಹೇಳುವುದು? ಹೋದೆವು.

ಕಣ್ಣು ಕಾಣದಿದ್ದರೂ ಅತ್ತೆಗೆ ದಾರಿ ಗೊತ್ತು, ಆದರೆ ನನಗೆ ಗೊತ್ತಿರುವ ದಾರಿಯಲ್ಲ. "ಇಲ್ಲಿ ನಮ್ ರಾಗಿ ಕಣ", "ಇಲ್ಲಿ ಹುಣಸೆಮರ, ಬಗ್ಗಿ ನಡಿ" ಎನ್ನುತ್ತಾರೆ. ಕಣ ಇದ್ದಲ್ಲಿ ಈಗ ಐದು ಅಂತಸ್ತಿನ ಅಪಾರ್ಟ್‌ಮೆಂಟು. ಹುಣಸೆಮರ ಇದ್ದಲ್ಲಿ ಮೊಬೈಲ್ ಅಂಗಡಿ. ಅಲ್ಲಿ ನಾನೂ ಬಗ್ಗಿ ನಡೆದೆ, ಯಾಕೋ ಗೊತ್ತಿಲ್ಲ. ಅಂಗಡಿಯವನು ವಿಚಿತ್ರವಾಗಿ ನೋಡಿದ.

ಎಡ. ಬೈಟು ಕಾಫಿ ಕುಡಿದೆವು. ಅವರ ಕೈ ಸುಟ್ಟಿತ್ತಲ್ಲ, ಲೋಟ ಹಿಡಿದುಕೊಳ್ಳಲು ನಾನಿರಬೇಕಾಗಿತ್ತು, ಅದಕ್ಕೆ.

ಆಗಸ್ಟ್ 13, ಮಂಗಳವಾರ

ಎಡ. ಬೈಟು.

ಆಗಸ್ಟ್ 20, ಮಂಗಳವಾರ

ಎಡ. ಕೈ ವಾಸಿಯಾಗಿದೆ. ಹೋಟೆಲಿನವನು ಕೇಳದೆಯೇ ಬೈಟು ತಂದಿಟ್ಟ. ವಾಚು ಕಟ್ಟುವುದನ್ನು ಬಿಟ್ಟಿದ್ದೇನೆ. ಅತ್ತೆ ಹಿಡಿದುಕೊಂಡಾಗ ಪಟ್ಟಿ ಒತ್ತುತ್ತದೆ.

ಆಗಸ್ಟ್ 27, ಮಂಗಳವಾರ

ಬೀಳಲಿಲ್ಲ. ಆದರೆ ಮಾರಯ್ಯನ ಹಿತ್ತಲಿನ ಕಣಗಿಲೆ ಗಿಡ ಎಷ್ಟು ಚೆನ್ನಾಗಿ ಬಿಟ್ಟಿದೆ ಎಂದರೆ, ಒಂದು ಕೊಂಬೆ ಕೇಳಿ ತಂದು ಕುಂಡದಲ್ಲಿ ನೆಟ್ಟೆ.

ಸೆಪ್ಟೆಂಬರ್ 3, ಮಂಗಳವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಹೂವು ಎಡಕ್ಕೆ ಬಿದ್ದ ಮೇಲೆ ಹೋಟೆಲಿನ ಕಟ್ಟೆಯಲ್ಲಿ ಕೂತಿದ್ದೆವು. ಅತ್ತೆ ಕಾಫಿ ಆರಿಸಿಕೊಳ್ಳುತ್ತಾ ಅಂದರು: "ನಿನ್ ಮದ್ವೆಗೂ ಇಲ್ಲೇ ಹೂ ಕೇಳಿದ್ದೆ."

ನನ್ನ ಮೈಯೆಲ್ಲ ಕಿವಿಯಾಯಿತು. ಯಾಕೆಂದರೆ ಆ ದಿನಗಳನ್ನು ನಾನು ಮರೆತಿಲ್ಲ. ಉತ್ತರಹಳ್ಳಿಯ ನಮ್ಮ ಮನೆಗೆ ಇವರು ಹೆಣ್ಣು ನೋಡಲು ಬಂದರು, ಉಪ್ಪಿಟ್ಟು ತಿಂದರು, "ಹೇಳಿ ಕಳಿಸ್ತೀವಿ" ಎಂದು ಹೋದರು. ಆರು ವಾರ ಸುದ್ದಿಯೇ ಇಲ್ಲ. ಅಪ್ಪ ದಿನಾ ಸಂಜೆ ಬಸ್ ಸ್ಟಾಪಿನವರೆಗೂ ಹೋಗಿ ಬರುತ್ತಿದ್ದರು. ಬೇರೆ ಕಡೆ ನೋಡುತ್ತಿದ್ದಾರೆ, ಎಲ್ಲೂ ಗಿಟ್ಟದಿದ್ದರೆ ನಮಗೆ ಹೇಳುತ್ತಾರೆ ಎಂದು ಅಕ್ಕಪಕ್ಕದವರು ಆಡಿಕೊಂಡರು. ನಾನೂ ಅದನ್ನೇ ನಂಬಿದ್ದೆ. ಒಪ್ಪಿ ಬಂದ ಮೇಲೂ ನಂಬಿದ್ದೆ. ಮೂವತ್ತಮೂರು ವರ್ಷ ಆ ಮುಳ್ಳನ್ನು ಕಾಲಲ್ಲೇ ಇಟ್ಟುಕೊಂಡು ಈ ಮನೆಯಲ್ಲಿ ಓಡಾಡಿದ್ದೇನೆ.

"ಆರು ವಾರ ಆಯ್ತಲ್ಲ ನೀವು ಹೇಳಿ ಕಳ್ಸೋಕೆ" ಎಂದೆ.

"ಊ ಕಣಮ್ಮಿ. ಐದು ವಾರ ಎಡಕ್ಕೇ ಬಿತ್ತು."

"ಐದು ಸಲ ಅಮ್ಮ ಬೇಡ ಅಂದ್ಮೇಲೂ..."

"ಬ್ಯಾಡ ಅಂತ ಯಾರಂದ್ರು? ಈಗ ಬ್ಯಾಡ ಅಂದ್ಳು. ನಿಮ್ಮಾವಂಗೆ ಬ್ಯಾರೆ ಕಡೆ ಮನ್ಸಿತ್ತು. ನಂಗೆ ನೀನೇ ಬೇಕಾಗಿತ್ತು. ಉಪ್ಪಿಟ್ಟು ಕೊಡಕ್ಕೆ ಬಂದೋಳು, ನನ್ ಹಿಮ್ಮಡಿ ಒಡೆದಿರಾದು ನೋಡಿ ಒಳಗಿಂದ ಒಂದ್ ಚಾಪೆ ತಂದಾಕ್ದೆ, ಗ್ಯಾನ ಐತಾ? ಬ್ಯಾಡದೋರು ಒಂದ್ಸಲ ಕೇಳಿ ಸುಮ್ಕಾಯ್ತಾರೆ. ಬೇಕಾದೋರು ಮತ್ತೆ ಮತ್ತೆ ಓಯ್ತಾರೆ."

ಚಾಪೆ ಹಾಕಿದ್ದು ನನಗೆ ನೆನಪಿಲ್ಲ. ಕಣ್ಣು ಒರೆಸಿಕೊಂಡೆ. ಅವರಿಗೆ ಕಾಣುವುದಿಲ್ಲ, ಹಾಗಾಗಿ ಮುಚ್ಚಿಡುವ ಕೆಲಸವಿರಲಿಲ್ಲ. ಆದರೂ ಸೆರಗಿನ ತುದಿಯನ್ನು ನನ್ನ ಕಡೆ ಚಾಚಿದರು.

ಅಪ್ಪ ಇದ್ದಿದ್ದರೆ ಇವತ್ತೇ ಉತ್ತರಹಳ್ಳಿಗೆ ಹೋಗಿ ಹೇಳಿಬರುತ್ತಿದ್ದೆ.

ಸೆಪ್ಟೆಂಬರ್ 10, ಮಂಗಳವಾರ

ಎಡ. ಸಂಜೆ ಡಾಕ್ಟರ್ ಪದ್ಮಶ್ರೀ ಫೋನ್ ಮಾಡಿದ್ದರು. ಮೂರು ತಿಂಗಳಾಯಿತು, ನೆನಪಿರಲಿ ಎಂದರು. ನೆನಪಿದೆ. ಎರಡು ದಿನದಿಂದ ಅತ್ತೆ ಪೊರೆ ಬಲಿತ ಕಣ್ಣಿನ ಮೇಲಿನ ಹಣೆಯನ್ನು ಒತ್ತಿಕೊಳ್ಳುತ್ತಿದ್ದಾರೆ. ಕೇಳಿದರೆ ಏನಿಲ್ಲ ಎನ್ನುತ್ತಾರೆ.

ಇವರನ್ನು ಎತ್ತಿಕೊಂಡು ಹೋಗಿ ಟೇಬಲ್ ಮೇಲೆ ಮಲಗಿಸಲಾಗುವುದಿಲ್ಲ. ಸುಳ್ಳು ಹೇಳುವುದೂ ನನ್ನಿಂದಾಗುವುದಿಲ್ಲ. ಇವತ್ತು ಮೊದಲ ಸಲ ನಾನೇ ಅಮ್ಮನನ್ನು ಕೇಳಿಕೊಂಡೆ. ನಿನ್ನ ಹೊತ್ತಿಗೆ ನೀನು ಕೊಡುತ್ತೀಯ ಎಂದು ಅತ್ತೆ ನಂಬಿದ್ದಾರೆ ತಾಯಿ, ಆ ಹೊತ್ತು ಡಾಕ್ಟರು ಹೇಳಿದ ಹೊತ್ತಿಗಿಂತ ಮೊದಲೇ ಬರಲಿ ಎಂದೆ. ಭಯವಾಗುತ್ತಿದೆ. ಇಷ್ಟು ಸಾಕು.

ಸೆಪ್ಟೆಂಬರ್ 17, ಮಂಗಳವಾರ

ಬಲಗಡೆ ಬಿತ್ತು.

ಒಳಗೆ ಮಬ್ಬುಗತ್ತಲು, ಎರಡು ದೀಪ ಉರಿಯುತ್ತಿದ್ದವು. ಕೂತು ಕಾಲು ಗಂಟೆಯೂ ಆಗಿರಲಿಲ್ಲವೇನೋ. ಬಲಭುಜದ ಹೂವು ಜಾರಿ ಅಮ್ಮನ ಪಾದದ ಹತ್ತಿರ ಬಿತ್ತು. ನಾನು ನೋಡುತ್ತಲೇ ಇದ್ದೆ. ಅತ್ತೆ ಕೈ ಬಿಗಿಹಿಡಿದು "ಯಾವ ಕಡೆ ಬಿತ್ತು?" ಎಂದರು. ನಾನು ಬಗ್ಗಿ ಇನ್ನೊಮ್ಮೆ ನೋಡಿದೆ.

"ಎಡಾನಾ? ಓಗ್ಲಿ ಬಿಡು. ಮುಂದಿನ್ ವಾರ ಬರಾನ."

"ಬಲಗಡೆ ಅತ್ತೆ."

ಅವರು ನನ್ನ ಮಣಿಕಟ್ಟು ಬಿಟ್ಟರು. ನಂಬಲಿಲ್ಲವೇನೋ ಎಂದು, "ಬೇಕಾದ್ರೆ ಮಾರಯ್ಯನ್ನ ಕೇಳಿ" ಎಂದೆ.

"ಅವನ್ನ್ಯಾಕೆ ಕೇಳ್ಲಿ? ಮೊದಲ್ನೇ ವಾರಾನೇ ನೀನು ಬಲ ಅಂದಿದ್ರೆ ನಾನು ಆಸ್ಪತ್ರೆಗೆ ಕಾಲಿಡ್ತಿರ್ಲಿಲ್ಲ. ನಿಂಗೆ ಅರ್ಜೆಂಟು ಅಂತ ಗೊತ್ತಿತ್ತು. ಅಷ್ಟು ಅರ್ಜೆಂಟ್ ಇಟ್ಕಂಡು ಹದಿಮೂರು ವಾರ ಇದ್ದಿದ್ದು ಇದ್ದಂಗೆ ಹೇಳ್ದೋಳು ನೀನು. ನಿನ್ ಮಾತು ಸಾಕು."

ಹಾಗೆಂದು ಹೂವನ್ನು ಮಾರಯ್ಯನಿಂದ ಇಸಕೊಂಡು ತಮ್ಮ ತಲೆಗೆ ಮುಡಿಯದೆ, ತಡವರಿಸಿ ಹುಡುಕಿ ನನ್ನ ಜಡೆಗೆ ಸಿಕ್ಕಿಸಿದರು. ಜುಲೈನಲ್ಲಿ ಆ ಸುಳ್ಳು ಹೇಳಿಬಿಟ್ಟಿದ್ದರೆ ಎಂದು ನೆನೆದು ಈಗಲೂ ಮೈ ಜುಮ್ಮೆನ್ನುತ್ತದೆ.

ಬರೆಯುತ್ತಾ ನೆನಪಾಯಿತು. ಬೆಳಿಗ್ಗೆಯಿಂದ ಹಳೇ ಊರಿನಲ್ಲೆಲ್ಲ ಕರೆಂಟ್ ಇರಲಿಲ್ಲ, ಅದಕ್ಕೇ ಒಳಗೆ ಆ ಕತ್ತಲು. ಅಂದರೆ ಬೈರಣ್ಣನ ಫ್ಯಾನು ತಿರುಗುತ್ತಿರಲಿಲ್ಲ. ನಾನು ಅದರ ಕಡೆ ನೋಡಿಯೇ ಇರಲಿಲ್ಲ. ಈ ವಿಷಯವನ್ನು ಅತ್ತೆಗೆ ಹೇಳುವುದಿಲ್ಲ. ಹೇಳಿದರೆ, ಕರೆಂಟು ತೆಗೆದವರು ಯಾರು ಎಂದು ಕೇಳುತ್ತಾರೆ.

ಸೆಪ್ಟೆಂಬರ್ 18, ಬುಧವಾರ

ಇವತ್ತಿನಿಂದ ಪಿತೃಪಕ್ಷ. ಒಳ್ಳೆಯ ಕೆಲಸಕ್ಕೆ ಕೈಹಾಕುವ ಹದಿನೈದು ದಿನವಲ್ಲ. "ಪಕ್ಷ ಮುಗೀಲಿ ಅತ್ತೆ, ಆಮೇಲೆ ಮಾಡಿಸೋಣ" ಎಂದೆ, ಅವರ ಮನಸ್ಸಿಗೆ ನೋವಾಗಬಾರದೆಂದು.

"ಅಮ್ಮ ಹೂ ಕೊಟ್ಮೇಲೆ ಇನ್ನೇನ್ ಕಾಯಾದು? ಎಲ್ಲಾದಕ್ಕೂ ನೀನೇ ತಡ ಮಾಡ್ತೀಯಲ್ಲಮ್ಮಿ" ಎಂದು ಗದರಿದರು.

ಯಜಮಾನರು ಜೋರಾಗಿ ನಕ್ಕರು. ಮಹಡಿ ಮಾತ್ರ ಹತ್ತಲಿಲ್ಲ. ಅವರೇ ಡಾಕ್ಟರಿಗೆ ಫೋನ್ ಮಾಡಿದರು. ಸೋಮವಾರಕ್ಕೆ ಆಪರೇಷನ್.

ಸೆಪ್ಟೆಂಬರ್ 24, ಮಂಗಳವಾರ

ನಿನ್ನೆ ಇಪ್ಪತ್ತು ನಿಮಿಷದಲ್ಲಿ ಆಪರೇಷನ್ ಮುಗಿಯಿತು. ಇವತ್ತು ಪಟ್ಟಿ ಬಿಚ್ಚಿದರು. ಪ್ರೆಶರ್ ಏರಲು ಶುರುವಾಗಿತ್ತಂತೆ. ಸರಿಯಾದ ಹೊತ್ತಿಗೆ ಬಂದಿರಿ ಎಂದರು ಡಾಕ್ಟರ್ ಪದ್ಮಶ್ರೀ. ಯಾರ ಲೆಕ್ಕದ ಹೊತ್ತು ಎಂದು ನಾನು ಕೇಳಲಿಲ್ಲ.

ಅತ್ತೆ ಮೊದಲು ಡಾಕ್ಟರನ್ನು ನೋಡಿದರು, ಆಮೇಲೆ ಗೋಡೆಯ ಕ್ಯಾಲೆಂಡರನ್ನು. ನಂತರ ನನ್ನ ಕಡೆ ತಿರುಗಿ ತುಂಬಾ ಹೊತ್ತು ನೋಡಿದರು.

"ಇದೇನೇ, ಇಷ್ಟೊಂದ್ ತಲೆ ನೆರ್ತೈತೆ. ಯಾವಾಗ?"

"ನಿಮ್ಮ ಹೂವು ಕಾಯ್ತಾ ಕಾಯ್ತಾ ಅತ್ತೆ."

"ಸುಳ್ಳು. ಇದು ಮೂರ್ನಾಕು ವರ್ಷದ್ದು." ಹಣೆಯ ಮೇಲಿನ ನನ್ನ ಕೂದಲನ್ನು ಹಿಂದಕ್ಕೆ ಸರಿಸಿದರು. "ನಾನೇ ನೋಡಿರ್ಲಿಲ್ಲ."

ನವೆಂಬರ್ 5, ಮಂಗಳವಾರ

ಇನ್ನೊಂದು ಕಣ್ಣಿಗೂ ಮಾಡಿಸಬಹುದು ಎಂದು ಡಾಕ್ಟರ್ ಹೇಳಿ ವಾರವಾಯಿತು. "ಅಮ್ಮನ್ನ ಕೇಳ್ಬೇಕು" ಎಂದರು ಅತ್ತೆ. "ಮಂಗಳವಾರ ಹೋಗೋಣ" ಎಂದೆ. ನಮ್ಮ ಕುಂಡದ ಗಿಡ ಇನ್ನೂ ಹೂ ಬಿಟ್ಟಿಲ್ಲ. ಮಾರಯ್ಯನ ಹಿತ್ತಲಿನ ಹೂವನ್ನು ನಾನೇ ಕಿತ್ತುಕೊಟ್ಟೆ.

ದೇವಸ್ಥಾನದಲ್ಲಿ ಅತ್ತೆ ಅಮ್ಮನನ್ನು ಕಣ್ತುಂಬ ನೋಡಿದರು. ಫ್ಯಾನನ್ನೂ ನೋಡಿದರು. ಅದರ ಕೆಳಗಿನ ಬರಹವನ್ನು ನನ್ನಿಂದ ಓದಿಸಿ, "ಬೈರಣ್ಣ ಒಳ್ಳೇ ಮನ್ಸ" ಎಂದರು. ಫ್ಯಾನನ್ನು ಯಾರೂ ಆರಿಸಲಿಲ್ಲ.

"ಇವತ್ತು ನೀನು ಕೇಳು. ನಾನು ನೋಡ್ತೀನಿ" ಎಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ನಾನು ಕಣ್ಣು ಮುಚ್ಚಿದೆ. ಅತ್ತೆಯ ಕಣ್ಣಿಗೆಂದು ಕೇಳಿಕೊಂಡೆ. ಅದಾದ ಮೇಲೆ ಬೇರೆ ಏನೂ ಕೇಳುವುದಿರಲಿಲ್ಲ. ಫ್ಯಾನಿನ ಕಿರ್ ಕಿರ್ ಸದ್ದು, ಕಣಗಿಲೆಯ ವಾಸನೆ, ಅವರ ಬೆಚ್ಚಗಿನ ಕೈ. ಎಷ್ಟು ಹೊತ್ತಾಯಿತೋ ತಿಳಿಯದು.

"ಯಾವ ಕಡೆ ಬಿತ್ತು ಅತ್ತೆ?"

"ಇನ್ನೂ ಬಿದ್ದಿಲ್ಲ. ಸುಮ್ಕೆ ಕೂತ್ಕ."

ಕೂತೆ.